ರೈಲು ಹಳಿಯಿಂದ ಗಣಕದೊಳಕ್ಕೆ: ಸೆಮಾಫೋರ್ ನಡೆದು ಬಂದ ದಾರಿ

ನಿಮ್ಮಲ್ಲಿ ಹಿರಿಯರಾದವರು ಈ ದೃಶ್ಯವನ್ನು ನೋಡಿಯೇ ಇರುತ್ತೀರಿ. ಒಂಟಿ ಹಳಿಯ ದಾರಿಯಲ್ಲೊಂದು ಸಣ್ಣ ರೈಲು ನಿಲ್ದಾಣ. ಅಲ್ಲಿ ನಿಲ್ಲದ ರೈಲೊಂದು ವೇಗ ತಗ್ಗಿಸಿಕೊಂಡು ಬರುತ್ತಿದೆ. ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ರೈಲ್ವೆ ನೌಕರನೊಬ್ಬ ದೊಡ್ಡ ಬಳೆಯಂತಹ ಬೆತ್ತದ ಚಕ್ರವನ್ನು ಎತ್ತಿ ಹಿಡಿದು ನಿಂತಿದ್ದಾನೆ. ಎಂಜಿನ್‌ನಲ್ಲಿರುವವನು ಹೊರಗೆ ಬಾಗಿ, ತಾನು ತಂದ ಬಳೆಯನ್ನು ಕೆಳಗೆಸೆದು, ಹೊಸ ಬಳೆಯನ್ನು ತೋಳಿಗೆ ಸಿಕ್ಕಿಸಿಕೊಂಡು ಮುಂದೆ ಸಾಗುತ್ತಾನೆ. ಮಕ್ಕಳಿಗೆ ಅದೊಂದು ಸರ್ಕಸ್ ಆಟದಂತೆ ಕಾಣುತ್ತಿತ್ತು. ಆದರೆ ಆ ಬಳೆಗೆ ಕಟ್ಟಿದ ಪುಟ್ಟ ಚೀಲದೊಳಗೆ ಲೋಹದ ಒಂದು ಚೆಂಡು ಇರುತ್ತಿತ್ತು. ಆ ಚೆಂಡು ಕೈಗೆ ಬರದೆ ಮುಂದಿನ ನಿಲ್ದಾಣದವರೆಗಿನ ಹಳಿಗೆ ಕಾಲಿಡುವ ಅಧಿಕಾರ ಯಾವ ಚಾಲಕನಿಗೂ ಇರಲಿಲ್ಲ. ನಮ್ಮ ರೈಲ್ವೆಯಲ್ಲಿ ಬಹುಕಾಲ ಬಳಕೆಯಲ್ಲಿದ್ದ ನೀಲ್ಸ್ ಬಾಲ್ ಟೋಕನ್ ಎಂಬ ವ್ಯವಸ್ಥೆ ಇದು.

ಇದರ ಜಾಣತನ ಇರುವುದು ಚೆಂಡಿನಲ್ಲಲ್ಲ, ಅದನ್ನು ಕೊಡುವ ಯಂತ್ರದಲ್ಲಿ. ಅಕ್ಕಪಕ್ಕದ ಎರಡು ನಿಲ್ದಾಣಗಳಲ್ಲಿ ಒಂದೊಂದು ಯಂತ್ರ; ಎರಡಕ್ಕೂ ವಿದ್ಯುತ್ ತಂತಿಯ ಸಂಬಂಧ. ಆಚೆ ನಿಲ್ದಾಣದವರು ಒಪ್ಪಿಗೆ ಕೊಟ್ಟಾಗ ಮಾತ್ರ ಈಚೆಯ ಯಂತ್ರದಿಂದ ಒಂದು ಚೆಂಡು ಹೊರಬರುತ್ತದೆ. ಒಮ್ಮೆ ಒಂದು ಚೆಂಡು ಹೊರಬಿದ್ದರೆ ಮುಗಿಯಿತು, ಅದು ಎರಡರಲ್ಲಿ ಒಂದು ಯಂತ್ರಕ್ಕೆ ಮರಳುವ ತನಕ ಎರಡನೆಯ ಚೆಂಡು ಯಾವ ಕಡೆಯಿಂದಲೂ ಬರುವುದಿಲ್ಲ. ಸ್ಟೇಷನ್ ಮಾಸ್ಟರ್ ಎಷ್ಟೇ ಅವಸರದಲ್ಲಿರಲಿ, ಎಷ್ಟೇ ದೊಡ್ಡ ಅಧಿಕಾರಿ ಪಕ್ಕದಲ್ಲಿ ನಿಂತು ಗದರಲಿ, ಬರುವುದಿಲ್ಲ.

ನಾನು ಹೇಳಹೊರಟಿರುವುದು ಕಂಪ್ಯೂಟರಿನ ಕಥೆ. ಆದರೆ ಆ ಕಥೆ ಹಳಿಯ ಮೇಲೆಯೇ ಆರಂಭವಾಗುತ್ತದೆ. ನಿಮ್ಮಲ್ಲಿ ಕಂಪ್ಯೂಟರ್ ವಿಜ್ಞಾನ ಓದುತ್ತಿರುವವರು ಆಪರೇಟಿಂಗ್ ಸಿಸ್ಟಂ ಪುಸ್ತಕದಲ್ಲಿ 'ಸೆಮಾಫೋರ್' ಎಂಬ ಅಧ್ಯಾಯವನ್ನು ಕಂಡಿರುತ್ತೀರಿ. ಪರೀಕ್ಷೆಗಾಗಿ ಎರಡು ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿ ಮುಂದೆ ಹೋಗಿರುತ್ತೀರಿ. ಆ ಹೆಸರು ಎಲ್ಲಿಂದ ಬಂತು, ಅದರ ಅಗತ್ಯವೇನಿತ್ತು, ಅದು ಇಲ್ಲದಾಗ ಏನಾಯಿತು ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ಮೊದಲು 1874ರ ಸೆಪ್ಟೆಂಬರ್ 10ರ ರಾತ್ರಿಗೆ ಹೋಗೋಣ. ಸ್ಥಳ ಇಂಗ್ಲೆಂಡಿನ ನಾರ್ವಿಚ್ ನಗರ. ಅಲ್ಲಿಂದ ಬ್ರಂಡಾಲ್ ಎಂಬ ಊರಿಗೆ ಒಂಟಿ ಹಳಿ. ಲಂಡನ್ನಿನಿಂದ ಬರಬೇಕಾಗಿದ್ದ ಎಕ್ಸ್‌ಪ್ರೆಸ್ ತಡವಾಗಿತ್ತು. ಎದುರು ದಿಕ್ಕಿನಿಂದ ಬರುವ ಮೇಲ್ ರೈಲು ಬ್ರಂಡಾಲ್‌ನಲ್ಲಿ ಕಾಯುತ್ತಿತ್ತು. ಅದನ್ನು ಸುಮ್ಮನೆ ಕಾಯಿಸುವುದೇಕೆ, ಈಗಲೇ ಕಳುಹಿಸಿಬಿಡಿ ಎಂದು ತಂತಿ ಕೊಡುವಂತೆ ನಾರ್ವಿಚ್‌ನ ರಾತ್ರಿ ಪಾಳಿಯ ಇನ್‌ಸ್ಪೆಕ್ಟರ್ ತಂತಿ ಗುಮಾಸ್ತನಿಗೆ ಹೇಳಿದ. ಅಷ್ಟರಲ್ಲಿ ಎಕ್ಸ್‌ಪ್ರೆಸ್ ಬಂದೇ ಬಿಟ್ಟಿತು. ತಂತಿ ಇನ್ನೂ ಹೋಗಿಲ್ಲವೆಂದು ಭಾವಿಸಿ ಇನ್‌ಸ್ಪೆಕ್ಟರ್ ಎಕ್ಸ್‌ಪ್ರೆಸ್ಸನ್ನು ಹೊರಡಿಸಿದ. ಇತ್ತ ಗುಮಾಸ್ತ, ಸಹಿಗೆ ಕಾಯದೆ, ತಂತಿಯನ್ನು ಕಳುಹಿಸಿ ಆಗಿತ್ತು. ಗಾಬರಿಯಿಂದ ಅದನ್ನು ರದ್ದುಮಾಡಲು ಹೊರಟಾಗ ಆ ಕಡೆಯಿಂದ ಬಂದ ಉತ್ತರ ಒಂದೇ: ಮೇಲ್ ರೈಲು ಹೊರಟಾಗಿದೆ. ಒಂದೇ ಹಳಿಯ ಮೇಲೆ ಎದುರುಬದುರಾಗಿ ಓಡುತ್ತಿರುವ ಎರಡು ರೈಲುಗಳಿಗೆ ಸುದ್ದಿ ಮುಟ್ಟಿಸುವ ಯಾವ ಉಪಾಯವೂ ಆ ಕಾಲದಲ್ಲಿ ಇರಲಿಲ್ಲ. ಇಪ್ಪತ್ತೈದು ಜನ ಸತ್ತರು.

ಇಲ್ಲಿ ಇಬ್ಬರೂ ಕುಡಿದಿರಲಿಲ್ಲ, ನಿದ್ದೆ ಮಾಡಿರಲಿಲ್ಲ. ಇಬ್ಬರೂ ತಾವು ಕಂಡದ್ದನ್ನು ನಂಬಿ ಕೆಲಸ ಮಾಡಿದರು. ಆದರೆ 'ಹಳಿ ಖಾಲಿ ಇದೆ' ಎಂದು ಒಬ್ಬ ನೋಡಿದ ಕ್ಷಣಕ್ಕೂ ಅವನು ರೈಲು ಬಿಟ್ಟ ಕ್ಷಣಕ್ಕೂ ನಡುವೆ ಒಂದು ಸಣ್ಣ ಬಿರುಕು ಇತ್ತು. ಆ ಬಿರುಕಿನಲ್ಲಿ ಮತ್ತೊಬ್ಬನ ಕೈ ನುಸುಳಿತ್ತು. ಈ ಬಿರುಕನ್ನು ನೆನಪಿಟ್ಟುಕೊಳ್ಳಿ. ಈ ಲೇಖನದಲ್ಲಿ ಮುಂದೆ ಬರುವುದೆಲ್ಲ ಅದರದೇ ಕಥೆ.

ಈ ಅಪಘಾತದ ನಂತರ ಎಡ್ವರ್ಡ್ ಟೈಯರ್ ಎಂಬ ಇಂಜಿನಿಯರ್ 1878ರಲ್ಲಿ ವಿದ್ಯುತ್ ಟ್ಯಾಬ್ಲೆಟ್ ಯಂತ್ರವನ್ನು ತಂದ. ನಮ್ಮ ಚೆಂಡಿನ ಜಾಗದಲ್ಲಿ ಅಲ್ಲಿ ದುಂಡನೆಯ ಬಿಲ್ಲೆ. ಉಳಿದದ್ದೆಲ್ಲ ಹೆಚ್ಚುಕಡಿಮೆ ಅದೇ. ನೋಡುವುದು ಮತ್ತು ತೆಗೆದುಕೊಳ್ಳುವುದು ಎಂಬ ಎರಡು ಕೆಲಸಗಳನ್ನು ಆ ಯಂತ್ರ ಒಂದೇ ಕೆಲಸವಾಗಿ ಮಾಡಿತು. ಬಿಲ್ಲೆ ಹೊರಬಂತೆಂದರೆ ಹಳಿ ಖಾಲಿ ಇದೆ ಎಂದೂ ಆಯಿತು, ಅದು ಈಗ ನಿನ್ನದು ಎಂದೂ ಆಯಿತು.

ಇನ್ನು ಹೆಸರಿನ ವಿಚಾರ. ಗ್ರೀಕ್ ಭಾಷೆಯಲ್ಲಿ 'ಸೇಮ' ಎಂದರೆ ಗುರುತು, 'ಫೋರೋಸ್' ಎಂದರೆ ಹೊರುವವನು. ಫ್ರಾನ್ಸಿನ ಕ್ಲಾಡ್ ಶಾಪ್ 1794ರಲ್ಲಿ ಪ್ಯಾರಿಸ್‌ನಿಂದ ಲೀಲ್ ನಗರದವರೆಗೆ ಎತ್ತರದ ಗೋಪುರಗಳ ಸಾಲೊಂದನ್ನು ನಿಲ್ಲಿಸಿ, ಮರದ ತೋಳುಗಳ ಭಂಗಿಯಿಂದ ಸಂದೇಶ ಕಳುಹಿಸುವ ವ್ಯವಸ್ಥೆ ಮಾಡಿದ. ಇಂತಹ ತೋಳಿನ ಯಂತ್ರಗಳಿಗೆ ಮುಂದೆ ಸೆಮಾಫೋರ್ ಎಂಬ ಹೆಸರು ನಿಂತಿತು. 1840ರ ದಶಕದ ಆರಂಭದಲ್ಲಿ ಲಂಡನ್ನಿನ ನ್ಯೂಕ್ರಾಸ್ ಬಳಿ ಚಾರ್ಲ್ಸ್ ಹಟ್ಟನ್ ಗ್ರೆಗರಿ ಅದೇ ತೋಳನ್ನು ರೈಲು ಹಳಿಯ ಪಕ್ಕಕ್ಕೆ ತಂದ. ನಮ್ಮ ಜನ ಅದಕ್ಕೆ ಕೈಮರ ಎಂದು ಚೆಂದದ ಹೆಸರಿಟ್ಟರು. ಕೈ ಅಡ್ಡವಾಗಿದ್ದರೆ ನಿಲ್ಲು, ಬಾಗಿದ್ದರೆ ಹೋಗು. ಗಣಕ ವಿಜ್ಞಾನಕ್ಕೆ ಹೋದ ಹೆಸರು ಇದೇ ಕೈಮರದ್ದು. ಆದರೆ ಅಲ್ಲಿ ಮಾಡುವ ಕೆಲಸ ಮಾತ್ರ, ನನ್ನ ಅಭಿಪ್ರಾಯದಲ್ಲಿ, ಕೈಮರಕ್ಕಿಂತ ಚೆಂಡಿನ ಕೆಲಸಕ್ಕೇ ಹೆಚ್ಚು ಹತ್ತಿರ.

ಈಗ ಕಂಪ್ಯೂಟರಿನೊಳಗೆ ಬನ್ನಿ. ಒಂದೇ ಪ್ರೋಗ್ರಾಮಿನೊಳಗೆ ಹಲವು ಕೆಲಸಗಳು ಏಕಕಾಲದಲ್ಲಿ ಸಾಗುವಂತೆ ಬರೆದಾಗ, ಅಂತಹ ಒಂದೊಂದು ಕೆಲಸದ ಹರಿವಿಗೆ ಥ್ರೆಡ್ ಎನ್ನುತ್ತೇವೆ. ಥ್ರೆಡ್ ಎಂದರೆ ಎಳೆ. ಒಂದೇ ಬಟ್ಟೆಯ ಹಲವು ಎಳೆಗಳಂತೆ ಇವು ಒಂದೇ ಮೆಮೊರಿಯನ್ನು ಹಂಚಿಕೊಳ್ಳುತ್ತವೆ. ಅನುಕೂಲವೂ ಅದೇ, ಅಪಾಯವೂ ಅದೇ.

ಒಂದು ಉದಾಹರಣೆ ನೋಡಿ. ನಿಮ್ಮ ಖಾತೆಯಲ್ಲಿ 5000 ರೂಪಾಯಿ ಇದೆ. ಒಂದು ಕಡೆಯಿಂದ ನಿಮ್ಮ ತಂದೆ 1000 ರೂಪಾಯಿ ಜಮಾ ಮಾಡುತ್ತಾರೆ. ಅದೇ ಕ್ಷಣದಲ್ಲಿ ವಿದ್ಯಾರ್ಥಿವೇತನದ 2000 ರೂಪಾಯಿಯೂ ಬರುತ್ತದೆ. ಎರಡನ್ನೂ ಎರಡು ಥ್ರೆಡ್‌ಗಳು ನೋಡಿಕೊಳ್ಳುತ್ತಿವೆ ಎನ್ನೋಣ. ಪ್ರೋಗ್ರಾಂ ಬರೆದವನು 'ಮೊತ್ತಕ್ಕೆ ಇಷ್ಟು ಸೇರಿಸು' ಎಂದು ಒಂದೇ ಸಾಲು ಬರೆದಿರುತ್ತಾನೆ. ಆದರೆ ಯಂತ್ರದ ಮಟ್ಟದಲ್ಲಿ ಆ ಒಂದು ಸಾಲು ಮೂರು ಕೆಲಸ: ಹಳೆಯ ಮೊತ್ತವನ್ನು ಓದು, ಕೂಡಿಸು, ಹೊಸ ಮೊತ್ತವನ್ನು ಬರೆ. ಮೊದಲ ಥ್ರೆಡ್ 5000 ಎಂದು ಓದಿತು. ಅದು ಬರೆಯುವ ಮೊದಲೇ ಎರಡನೆಯದೂ 5000 ಎಂದೇ ಓದಿತು. ಮೊದಲನೆಯದು 6000 ಎಂದು ಬರೆಯಿತು, ಎರಡನೆಯದು ಅದರ ಮೇಲೆಯೇ 7000 ಎಂದು ಬರೆಯಿತು. ಇರಬೇಕಾದದ್ದು 8000. ಅಪ್ಪನ ಸಾವಿರ ರೂಪಾಯಿ ಯಾರೂ ಕದಿಯದೆಯೇ ಮಾಯವಾಯಿತು! ನಾರ್ವಿಚ್‌ನ ಅದೇ ಬಿರುಕು ಇದು. ಓದಿದ ಕ್ಷಣಕ್ಕೂ ಬರೆದ ಕ್ಷಣಕ್ಕೂ ನಡುವೆ ಮತ್ತೊಬ್ಬ ನುಸುಳಿದ್ದಾನೆ. ಗಣಕ ಲೋಕದಲ್ಲಿ ಇದಕ್ಕೆ ರೇಸ್ ಕಂಡೀಷನ್ ಎಂದು ಹೆಸರು.

'ಅದಕ್ಕೇನು, ಒಂದು ಗುರುತು ಇಟ್ಟರಾಯಿತಲ್ಲ; ಯಾರಾದರೂ ಒಳಗಿದ್ದರೆ 1, ಇಲ್ಲದಿದ್ದರೆ 0; ಹೋಗುವ ಮೊದಲು ನೋಡಿಕೊಂಡು ಹೋಗಲಿ' ಎಂದು ನೀವು ಹೇಳಬಹುದು. ಮೊದಲ ಬಾರಿ ಯೋಚಿಸುವ ಎಲ್ಲರೂ ಹಾಗೆಯೇ ಹೇಳುತ್ತಾರೆ. ಆದರೆ ಗುರುತನ್ನು ನೋಡುವುದು ಒಂದು ಕೆಲಸ, ಅದನ್ನು 1 ಮಾಡುವುದು ಇನ್ನೊಂದು ಕೆಲಸ. ಇಬ್ಬರೂ ಒಟ್ಟಿಗೆ 0 ಎಂದು ನೋಡಿ, ಇಬ್ಬರೂ ಒಟ್ಟಿಗೆ ಒಳನುಗ್ಗಬಹುದು. ಬಿರುಕು ಮುಚ್ಚಲಿಲ್ಲ, ಜಾಗ ಬದಲಿಸಿತು ಅಷ್ಟೆ.

ಈ ಒಗಟನ್ನು ಗಂಭೀರವಾಗಿ ತೆಗೆದುಕೊಂಡವರಲ್ಲಿ ಮೊದಲಿಗರು ಹಾಲೆಂಡಿನ ಎಡ್ಸ್‌ಗರ್ ಡೈಕ್‌ಸ್ಟ್ರಾ. 1930ರಲ್ಲಿ ರಾಟರ್‌ಡ್ಯಾಮಿನಲ್ಲಿ ಹುಟ್ಟಿದ ಇವರ ತಂದೆ ರಸಾಯನ ಶಾಸ್ತ್ರಜ್ಞ, ತಾಯಿ ಗಣಿತ ಬಲ್ಲವರು. 1952ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಗಣಿತ ಕೇಂದ್ರದಲ್ಲಿ ಪ್ರೋಗ್ರಾಮರ್ ಆಗಿ ಸೇರಿದರು. ಆಗ ಅಂತಹದೊಂದು ವೃತ್ತಿ ಇದೆಯೆಂದೇ ಜನರಿಗೆ ತಿಳಿದಿರಲಿಲ್ಲ. 1957ರಲ್ಲಿ ಮದುವೆಯ ನೋಂದಣಿಗೆ ಹೋದಾಗ ತಮ್ಮ ವೃತ್ತಿ ಪ್ರೋಗ್ರಾಮರ್ ಎಂದು ಬರೆಸಿದರೆ, ಅಂತಹ ಉದ್ಯೋಗವೇ ಇಲ್ಲವೆಂದು ಅಧಿಕಾರಿಗಳು ಒಪ್ಪಲಿಲ್ಲವಂತೆ! ಕೊನೆಗೆ ಸೈದ್ಧಾಂತಿಕ ಭೌತವಿಜ್ಞಾನಿ ಎಂದು ಬರೆಸಬೇಕಾಯಿತು. ಇದನ್ನು ಅವರೇ 1972ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಸ್ವೀಕರಿಸಿದ ಭಾಷಣದಲ್ಲಿ ಹೇಳಿಕೊಂಡಿದ್ದಾರೆ. ಇಂದು ನಮ್ಮ ಎಷ್ಟೋ ಮನೆಗಳಲ್ಲಿ ವರ ಹುಡುಕುವಾಗ ಮೊದಲು ಕೇಳುವುದೇ ಆ ಉದ್ಯೋಗವನ್ನು, ಕಾಲ ಹೇಗೆ ಬದಲಾಯಿತು ನೋಡಿ.

1950ರ ದಶಕದ ಕೊನೆಯಲ್ಲಿ ಅವರ ಸಹೋದ್ಯೋಗಿಗಳಾದ ಲೂಪ್‌ಸ್ಟ್ರಾ ಮತ್ತು ಸ್ಕೋಲ್ಟನ್ ಎಕ್ಸ್-1 ಎಂಬ ಹೊಸ ಗಣಕವನ್ನು ಯೋಜಿಸುತ್ತಿದ್ದರು. ಅದರಲ್ಲಿ ಇಂಟರಪ್ಟ್ ಸೌಲಭ್ಯ ಇಡೋಣ ಎಂದರು. ಎಂದರೆ, ಪ್ರಿಂಟರಿನಂತಹ ಹೊರಗಿನ ಸಾಧನವೊಂದು 'ನನ್ನ ಕೆಲಸ ಮುಗಿಯಿತು' ಎಂದು ಯಾವ ಕ್ಷಣದಲ್ಲಾದರೂ ಗಣಕದ ಓಟವನ್ನು ತಡೆದು ಕೇಳಬಹುದು. ಡೈಕ್‌ಸ್ಟ್ರಾ ಇದನ್ನು ಕೇಳಿ ಸಂತೋಷಪಡಲಿಲ್ಲ, ಹೆದರಿದರು. ತಮ್ಮ ಪ್ರೋಗ್ರಾಂ ಇಂದು ಸರಿಯಾಗಿ ಓಡಿ ನಾಳೆ ತಪ್ಪಬಹುದು, ತಪ್ಪನ್ನು ಹುಡುಕಲು ಮತ್ತೆ ಓಡಿಸಿದರೆ ಆ ತಪ್ಪು ಕಾಣದೇ ಹೋಗಬಹುದು ಎಂಬುದು ಅವರ ಭಯ. ಇಬ್ಬರು ಗೆಳೆಯರೂ ಹೊಗಳಿ ಪುಸಲಾಯಿಸಿದ ಮೇಲೆಯೇ ಅವರು ಒಪ್ಪಿದ್ದು. ಈ ಪ್ರಸಂಗ ನನಗೆ ಬಹಳ ಇಷ್ಟ. ಮುಂದೆ ಇಡೀ ಜಗತ್ತಿಗೆ ದಾರಿ ತೋರಿದ ಉಪಾಯವೊಂದು ಹುಟ್ಟಿದ್ದು ಧೈರ್ಯದಿಂದಲ್ಲ, ಅಪಾಯವನ್ನು ಸರಿಯಾಗಿ ಗುರುತಿಸಿದ ಭಯದಿಂದ.

1959ರಲ್ಲಿ ಅದೇ ಬಳಗದ ಗಣಿತಜ್ಞ ಡೆಕ್ಕರ್ ಎರಡು ಪ್ರಕ್ರಿಯೆಗಳ ಮಟ್ಟಿಗೆ ಈ ಒಗಟನ್ನು ಬಿಡಿಸಿದರು. ವಿಶೇಷ ಯಂತ್ರ ಸೌಲಭ್ಯ ಯಾವುದೂ ಇಲ್ಲದೆ, ಕೇವಲ ಓದುವುದು ಬರೆಯುವುದರಿಂದಲೇ ಇಬ್ಬರಲ್ಲಿ ಒಬ್ಬರು ಮಾತ್ರ ಒಳಹೋಗುವಂತೆ ಮಾಡಿದ ವಿಧಾನವದು. 1965ರಲ್ಲಿ ಡೈಕ್‌ಸ್ಟ್ರಾ ಅದನ್ನು ಎಷ್ಟು ಪ್ರಕ್ರಿಯೆಗಳಿಗೆ ಬೇಕಾದರೂ ವಿಸ್ತರಿಸಿ ಒಂದು ಪುಟದಷ್ಟೇ ಇರುವ ಲೇಖನ ಪ್ರಕಟಿಸಿದರು. ಆದರೆ ಇಂತಹ ವಿಧಾನಗಳಲ್ಲಿ ಒಂದು ದೊಡ್ಡ ಲೋಪ ಉಳಿದಿತ್ತು. ಸರದಿ ಸಿಗದವನು ಸುಮ್ಮನೆ ಕೂರುವುದಿಲ್ಲ, 'ಆಯಿತೇ? ಆಯಿತೇ?' ಎಂದು ಬಾಗಿಲು ಬಡಿಯುತ್ತಲೇ ಇರುತ್ತಾನೆ. ಗಣಕದ ಅಮೂಲ್ಯ ಸಮಯ ಆ ಬಡಿತದಲ್ಲೇ ವ್ಯರ್ಥವಾಗುತ್ತದೆ.

ಇದಕ್ಕೆ ಪರಿಹಾರವಾಗಿ 1960ರ ದಶಕದ ಆರಂಭದಲ್ಲಿ ಡೈಕ್‌ಸ್ಟ್ರಾ ಸೆಮಾಫೋರನ್ನು ರೂಪಿಸಿದರು. ಅದೊಂದು ಬರಿಯ ಸಂಖ್ಯೆ. ಆದರೆ ಆ ಸಂಖ್ಯೆಯನ್ನು ಮುಟ್ಟಲು ಎರಡೇ ದಾರಿ. ಅವುಗಳ ಹೆಸರು ಪಿ ಮತ್ತು ವಿ. ಡಚ್ ಭಾಷೆಯ ಈ ಒಂಟಿ ಅಕ್ಷರಗಳು ನಮ್ಮ ವಿದ್ಯಾರ್ಥಿಗಳನ್ನು ಎಷ್ಟು ಕಾಡಿವೆಯೋ! ಮೊದಲ ಟಿಪ್ಪಣಿಯಲ್ಲಿ ಪಿ ಎಂದರೆ ಹಾದುಹೋಗುವುದು, ವಿ ಎಂದರೆ ಬಿಡುಗಡೆ ಎಂಬ ಅರ್ಥದ ಡಚ್ ಪದಗಳಿದ್ದವು. ಎರಡೂ ರೈಲ್ವೆ ಸಿಗ್ನಲ್‌ನ ಭಾಷೆಯೇ. ಮುಂದೆ 'ತಗ್ಗಿಸಲು ಪ್ರಯತ್ನಿಸು' ಎಂಬ ಅರ್ಥ ಬರುವಂತೆ ಪಿ ಅಕ್ಷರಕ್ಕೆ ಅವರೇ ಹೊಸ ಪದವೊಂದನ್ನು ಕಟ್ಟಿದರು.

ಪಿ ಮಾಡುವ ಕೆಲಸ ಇಷ್ಟು: ಸಂಖ್ಯೆ ಸೊನ್ನೆಗಿಂತ ಹೆಚ್ಚಿದ್ದರೆ ಅದರಿಂದ ಒಂದನ್ನು ಕಳೆದು ಮುಂದೆ ಹೋಗು, ಸೊನ್ನೆಯಾಗಿದ್ದರೆ ಅಲ್ಲೇ ಮಲಗು. ವಿ ಮಾಡುವ ಕೆಲಸ: ಒಂದನ್ನು ಸೇರಿಸು, ಯಾರಾದರೂ ಮಲಗಿದ್ದರೆ ಅವರಲ್ಲಿ ಒಬ್ಬರನ್ನು ಎಬ್ಬಿಸು. ಇವೆರಡೂ ಅವಿಭಾಜ್ಯ ಎಂಬುದೇ ಇಲ್ಲಿಯ ಜೀವಾಳ. ಪಿ ನಡೆಯುತ್ತಿರುವಾಗ, ನೋಡುವುದಕ್ಕೂ ಕಳೆಯುವುದಕ್ಕೂ ನಡುವೆ, ಮತ್ತಾವ ಥ್ರೆಡ್ಡೂ ಆ ಸಂಖ್ಯೆಯನ್ನು ಮುಟ್ಟುವಂತಿಲ್ಲ. ಟೈಯರನ ಯಂತ್ರ ಬಿಲ್ಲೆಯಿಂದ ಮಾಡಿದ್ದನ್ನು ಇಲ್ಲಿ ಸಂಖ್ಯೆಯಿಂದ ಮಾಡಲಾಯಿತು. ಅಲ್ಲದೆ ಕಾಯುವವನು ಬಾಗಿಲು ಬಡಿಯುವುದಿಲ್ಲ, ಮಲಗುತ್ತಾನೆ. ಪ್ರೊಸೆಸರ್ ಅಷ್ಟು ಹೊತ್ತು ಬೇರೆಯವರ ಕೆಲಸ ಮಾಡುತ್ತದೆ.

ಸಂಖ್ಯೆ ಒಂದರಿಂದ ಆರಂಭವಾದರೆ ಅದು ಒಂಟಿ ಹಳಿಯ ಟೋಕನ್: ಒಬ್ಬನಿಗೆ ಮಾತ್ರ ಪ್ರವೇಶ. ಮೂರರಿಂದ ಆರಂಭವಾದರೆ? ಹಾಸ್ಟೆಲಿನ ಸ್ನಾನದ ಮನೆಗಳನ್ನು ನೆನೆಯಿರಿ. ಮೂರು ಸ್ನಾನದ ಮನೆ, ಮೊಳೆಗೆ ತೂಗುಹಾಕಿದ ಮೂರು ಬೀಗದ ಕೈ, ಬೆಳಿಗ್ಗೆ ಮೂವತ್ತು ಹುಡುಗರು. ಕೈ ಸಿಕ್ಕವನು ಒಳಗೆ, ಸಿಗದವನು ಹೊರಗೆ ಬಕೆಟ್ ಹಿಡಿದು ಸಾಲಿನಲ್ಲಿ. ಹೊರಬಂದವನು ಕೈಯನ್ನು ಮೊಳೆಗೆ ಹಾಕಲೇಬೇಕು. ಯಾರಾದರೂ ಅದನ್ನು ಜೇಬಿನಲ್ಲಿಟ್ಟುಕೊಂಡು ಕಾಲೇಜಿಗೆ ಹೋದರೆ ಆ ಸ್ನಾನದ ಮನೆ ಖಾಲಿಯಿದ್ದೂ ಇಲ್ಲದಂತೆ. ಪ್ರೋಗ್ರಾಮಿನಲ್ಲಿ ವಿ ಬರೆಯಲು ಮರೆತವನು ಮಾಡುವುದು ಇದನ್ನೇ.

1962ರಲ್ಲಿ ಡೈಕ್‌ಸ್ಟ್ರಾ ಐಂಡ್‌ಹೋವನ್ ನಗರದ ತಾಂತ್ರಿಕ ವಿದ್ಯಾಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಅಲ್ಲಿ ಸಣ್ಣದೊಂದು ತಂಡ ಕಟ್ಟಿಕೊಂಡು ಎಕ್ಸ್-8 ಎಂಬ ಗಣಕಕ್ಕೆ ಆಪರೇಟಿಂಗ್ ಸಿಸ್ಟಂ ಬರೆದರು. ಸಂಸ್ಥೆಯ ಡಚ್ ಹೆಸರಿನ ಮೊದಲಕ್ಷರಗಳಿಂದ ಅದಕ್ಕೆ ಟಿ.ಎಚ್.ಇ. ಎಂಬ ಹೆಸರು ಬಂತು. ಆ ಗಣಕದ ಮುಖ್ಯ ಮೆಮೊರಿ 27 ಬಿಟ್‌ಗಳ 32 ಸಾವಿರ ಪದಗಳು. ಇಂದಿನ ಲೆಕ್ಕದಲ್ಲಿ ಸುಮಾರು 108 ಕಿಲೋಬೈಟ್. ನಿಮ್ಮ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸದು. ಅಷ್ಟು ಇಕ್ಕಟ್ಟಿನಲ್ಲಿ ಹಲವು ಪ್ರೋಗ್ರಾಂಗಳು ಒಂದೇ ಪ್ರೊಸೆಸರನ್ನು, ಒಂದೇ ಮೆಮೊರಿಯನ್ನು ಜಗಳವಿಲ್ಲದೆ ಹಂಚಿಕೊಂಡವು. ಇಡೀ ವ್ಯವಸ್ಥೆಯ ಕೆಲಸಗಳು ಪರಸ್ಪರ ಹೊಂದಿಕೊಂಡದ್ದು ಸೆಮಾಫೋರ್‌ಗಳ ಮೂಲಕ. 1968ರಲ್ಲಿ ಪ್ರಕಟವಾದ ಲೇಖನದಲ್ಲಿ, ಪರೀಕ್ಷೆಯ ವೇಳೆ ಸಿಕ್ಕಿದ್ದು ಬರವಣಿಗೆಯ ಸಣ್ಣಪುಟ್ಟ ತಪ್ಪುಗಳು ಮಾತ್ರ ಎಂದು ಅವರು ಹೆಮ್ಮೆಯಿಂದ ಬರೆದರು. ಡೈಕ್‌ಸ್ಟ್ರಾ ವಿನಯಕ್ಕೆ ಹೆಸರಾದವರಲ್ಲ. ಆದರೆ ಆ ಹೆಮ್ಮೆಗೆ ಕಾರಣವಿತ್ತು.

ಸೆಮಾಫೋರನ್ನು ಪರೀಕ್ಷೆಗೆ ಓದುವವರು ಇಲ್ಲಿ ಸ್ವಲ್ಪ ನಿಲ್ಲಿ. ಪ್ರಿಂಟರಿಗೆ ಕಾಗದ ಕಳುಹಿಸುವ ಒಂದು ಥ್ರೆಡ್, ಅವನ್ನು ಮುದ್ರಿಸುವ ಇನ್ನೊಂದು ಥ್ರೆಡ್, ನಡುವೆ ಹತ್ತು ಖಾನೆಗಳ ಒಂದು ಕಪಾಟು ಇದೆ ಎನ್ನೋಣ. ಇದಕ್ಕೆ ಮೂರು ಸೆಮಾಫೋರ್ ಬೇಕು. ಖಾಲಿ ಖಾನೆಗಳನ್ನು ಎಣಿಸಲು ಒಂದು, ಆರಂಭದಲ್ಲಿ 10. ತುಂಬಿದ ಖಾನೆಗಳನ್ನು ಎಣಿಸಲು ಒಂದು, ಆರಂಭದಲ್ಲಿ 0. ಕಪಾಟಿಗೆ ಒಬ್ಬರೇ ಕೈಹಾಕುವಂತೆ ಬೀಗವಾಗಿ ಒಂದು, ಆರಂಭದಲ್ಲಿ 1. ಕಳುಹಿಸುವವನು ಮೊದಲು ಖಾಲಿ ಖಾನೆಗಾಗಿ ಪಿ ಮಾಡಬೇಕು, ನಂತರ ಬೀಗಕ್ಕೆ ಪಿ ಮಾಡಬೇಕು. ಅವಸರದಲ್ಲಿ ಈ ಎರಡು ಸಾಲುಗಳನ್ನು ಅದಲುಬದಲು ಮಾಡಿ ನೋಡಿ. ಕಪಾಟು ತುಂಬಿದೆ. ಕಳುಹಿಸುವವನು ಬೀಗವನ್ನು ಹಿಡಿದುಕೊಂಡೇ ಖಾಲಿ ಖಾನೆಗಾಗಿ ಮಲಗಿದ್ದಾನೆ. ಮುದ್ರಿಸುವವನು ಖಾನೆ ಖಾಲಿ ಮಾಡಲು ಬಂದರೆ ಬೀಗ ಸಿಗುವುದಿಲ್ಲ, ಅವನೂ ಮಲಗುತ್ತಾನೆ. ಇಬ್ಬರನ್ನೂ ಎಬ್ಬಿಸುವವರು ಯಾರೂ ಇಲ್ಲ. ಪುಸ್ತಕಗಳು ಡೆಡ್‌ಲಾಕ್ ಎನ್ನುವುದು ಇದನ್ನೇ. ಎರಡು ಸಾಲುಗಳ ಕ್ರಮ, ಅಷ್ಟೇ ವ್ಯತ್ಯಾಸ! ಐವರು ತತ್ವಜ್ಞಾನಿಗಳ ಊಟದ ಪ್ರಸಿದ್ಧ ಸಮಸ್ಯೆಯೂ ಇದೇ ಜಾತಿಯದು. 1965ರಲ್ಲಿ ಡೈಕ್‌ಸ್ಟ್ರಾ ತಮ್ಮ ವಿದ್ಯಾರ್ಥಿಗಳಿಗೆ ಅದನ್ನು ಟೇಪ್ ಯಂತ್ರಗಳಿಗಾಗಿ ಪೈಪೋಟಿ ಮಾಡುವ ಗಣಕಗಳ ಲೆಕ್ಕವಾಗಿ ಕೊಟ್ಟಿದ್ದರು. ತತ್ವಜ್ಞಾನಿಗಳ ರೂಪ ಕೊಟ್ಟವರು ಟೋನಿ ಹೋರ್.

ಟೋಕನ್ ಇದ್ದ ಮಾತ್ರಕ್ಕೆ ಎಲ್ಲವೂ ಸುರಕ್ಷಿತವೇ? ಮತ್ತೆ ಹಳಿಗೆ ಹೋಗೋಣ. 1921ರ ಜನವರಿ 26, ವೇಲ್ಸ್ ಪ್ರಾಂತ್ಯದ ಅಬರ್‌ಮ್ಯೂಲ್ ನಿಲ್ದಾಣ. ಅಲ್ಲಿ ಟೈಯರನ ಯಂತ್ರವೇ ಇತ್ತು, ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ನಿಧಾನದ ರೈಲೊಂದು ಬಂದು ನಿಂತಿತು. ಹಿಂದಿನ ದಾರಿಯ ಬಿಲ್ಲೆಯನ್ನು ಚಾಲಕನಿಂದ ಒಬ್ಬ ಹುಡುಗ ಪಡೆದುಕೊಂಡ. ಅದನ್ನು ಯಂತ್ರದೊಳಗೆ ಹಾಕಬೇಕಿತ್ತು. ದಾರಿಯಲ್ಲಿ ಸಿಕ್ಕ ಬದಲಿ ಸ್ಟೇಷನ್ ಮಾಸ್ಟರ್ ಕೈಗೆ ಅದನ್ನು ಕೊಟ್ಟ. ಅವರು ಅದನ್ನು ಮುಂದಿನ ದಾರಿಯ ಬಿಲ್ಲೆಯೆಂದೇ ತಿಳಿದು ಮರಳಿ ಅದೇ ಚಾಲಕನಿಗೆ ಒಪ್ಪಿಸಿದರು. ಬಿಲ್ಲೆಯ ಮೇಲೆ ಯಾವ ದಾರಿಯದು ಎಂದು ಸ್ಪಷ್ಟವಾಗಿ ಬರೆದಿತ್ತು. ಯಾರೂ ಓದಲಿಲ್ಲ. ಎದುರಿನಿಂದ ಎಕ್ಸ್‌ಪ್ರೆಸ್ ನಿಜವಾದ ಬಿಲ್ಲೆ ಹಿಡಿದು ಬರುತ್ತಿತ್ತು. ಹದಿನೇಳು ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಆ ರೈಲ್ವೆ ಕಂಪನಿಯ ನಿರ್ದೇಶಕರೊಬ್ಬರೂ ಇದ್ದರು.

ಡೈಕ್‌ಸ್ಟ್ರಾರ ಸೆಮಾಫೋರಿಗೂ ಇಂತಹದೇ ಒಂದು ದೌರ್ಬಲ್ಯವಿದೆ. ಅದಕ್ಕೆ ಒಡೆಯ ಯಾರೆಂಬುದು ಗೊತ್ತಿಲ್ಲ. ಪಿ ಮಾಡದವನೂ ವಿ ಮಾಡಬಹುದು. ಸಂಖ್ಯೆ ಸುಮ್ಮನೆ ಒಂದು ಏರುತ್ತದೆ, ಒಬ್ಬನಿರಬೇಕಾದ ಕಡೆ ಇಬ್ಬರಿಗೆ ಪ್ರವೇಶ ಸಿಗುತ್ತದೆ. ಪಿ ಕರೆಯದೆಯೇ ನೇರವಾಗಿ ಮೆಮೊರಿಗೆ ಕೈಹಾಕುವ ಥ್ರೆಡ್ಡನ್ನು ತಡೆಯುವ ಶಕ್ತಿಯೂ ಅದಕ್ಕಿಲ್ಲ. ಈ ಕಾರಣದಿಂದಲೇ ಮುಂದೆ ಬ್ರಿಂಚ್ ಹ್ಯಾನ್ಸೆನ್ ಮತ್ತು ಹೋರ್ 1970ರ ದಶಕದಲ್ಲಿ ಮಾನಿಟರ್ ಎಂಬ ಭದ್ರವಾದ ವ್ಯವಸ್ಥೆಯನ್ನು ರೂಪಿಸಿದರು. ತೆಗೆದುಕೊಂಡವನೇ ಬಿಡಬೇಕೆಂಬ ನಿಯಮವುಳ್ಳ ಬೀಗಕ್ಕೆ ಮ್ಯೂಟೆಕ್ಸ್ ಎಂಬ ಹೆಸರು ನಿಂತಿತು. ಎಣಿಸುವ ಕೆಲಸಕ್ಕೆ, ಒಬ್ಬ ಮತ್ತೊಬ್ಬನನ್ನು ಎಬ್ಬಿಸುವ ಕೆಲಸಕ್ಕೆ ಮಾತ್ರ ಇಂದಿಗೂ ಸೆಮಾಫೋರೇ ಅನುಕೂಲ.

ಬಿರುಕು ಮುಚ್ಚದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಥೆರಾಕ್-25 ಯಂತ್ರದ ಕಥೆಯನ್ನು ಇಂಜಿನಿಯರಿಂಗ್ ಓದುವ ಪ್ರತಿಯೊಬ್ಬರೂ ತಿಳಿದಿರಬೇಕು. ಅದು ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ನೀಡುವ, ಕೆನಡಾದಲ್ಲಿ ತಯಾರಾದ ಯಂತ್ರ. ಹಿಂದಿನ ಮಾದರಿಯಲ್ಲಿ ಅಪಾಯ ತಡೆಯಲು ಬಿಡಿಬಿಡಿಯಾದ ಯಾಂತ್ರಿಕ ತಡೆಗಳಿದ್ದವು. ಇದರಲ್ಲಿ ಆ ಹೊಣೆಯನ್ನು ಬಹುಪಾಲು ಸಾಫ್ಟ್‌ವೇರಿಗೆ ವಹಿಸಲಾಗಿತ್ತು. 1985ರ ಜೂನ್‌ನಿಂದ 1987ರ ಜನವರಿಯೊಳಗೆ ಅಮೆರಿಕ ಮತ್ತು ಕೆನಡಾಗಳಲ್ಲಿ ಆರು ರೋಗಿಗಳಿಗೆ ವಿಪರೀತ ಪ್ರಮಾಣದ ವಿಕಿರಣ ತಗುಲಿತು. ಕನಿಷ್ಠ ಮೂವರು ಅದರಿಂದ ಸತ್ತರು.

1986ರ ಮಾರ್ಚ್‌ನಲ್ಲಿ ಟೆಕ್ಸಾಸ್‌ನ ಟೈಲರ್ ಎಂಬಲ್ಲಿ ನಡೆದದ್ದು ಹೀಗೆ. ಯಂತ್ರ ನಡೆಸುವಾಕೆ ಎಲೆಕ್ಟ್ರಾನ್ ಚಿಕಿತ್ಸೆ ಎಂದು ಒತ್ತುವ ಬದಲು ಎಕ್ಸ್‌ರೇ ಎಂದು ಒತ್ತಿದಳು. ತಪ್ಪು ಕಂಡು, ಮೇಲೆ ಹೋಗಿ, ತಿದ್ದಿದಳು. ಪರಿಣತಳಾದ್ದರಿಂದ ಕೈ ಚುರುಕು. ಯಂತ್ರದ ಅಯಸ್ಕಾಂತಗಳು ಸಿದ್ಧಗೊಳ್ಳಲು ಎಂಟು ಸೆಕೆಂಡು ಬೇಕಿತ್ತು. ಆ ಎಂಟು ಸೆಕೆಂಡಿನೊಳಗೆ ಮಾಡಿದ ತಿದ್ದುಪಡಿ ಪರದೆಯ ಮೇಲೆ ಕಂಡಿತು, ಆದರೆ ಯಂತ್ರ ಸಿದ್ಧಪಡಿಸುವ ಮತ್ತೊಂದು ಪ್ರಕ್ರಿಯೆಗೆ ತಿಳಿಯಲೇ ಇಲ್ಲ. ಎರಡೂ ಪ್ರಕ್ರಿಯೆಗಳು ಕೆಲವು ಗುರುತುಗಳನ್ನು ಮೆಮೊರಿಯಲ್ಲಿ ಹಂಚಿಕೊಂಡಿದ್ದವು. ಆ ಗುರುತನ್ನು ನೋಡುವ ಮತ್ತು ಬದಲಿಸುವ ಕ್ರಿಯೆಗಳು ಅವಿಭಾಜ್ಯವಾಗಿರಲಿಲ್ಲ. ಆ ರೋಗಿಗೆ ನಿಗದಿಯಾಗಿದ್ದ ವಿಕಿರಣ 180 ರ‍್ಯಾಡ್. ಒಂದು ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಬಿದ್ದದ್ದು 16,500ರಿಂದ 25,000 ರ‍್ಯಾಡ್ ಇರಬಹುದೆಂದು ನಂತರ ಅಂದಾಜು ಮಾಡಲಾಯಿತು. ಯಂತ್ರವನ್ನು ಪರಿಶೀಲಿಸಿದವರಿಗೆ ದೋಷ ಸಿಗಲಿಲ್ಲ, ಏಕೆಂದರೆ ಅವರು ನಿಧಾನವಾಗಿ ಒತ್ತುತ್ತಿದ್ದರು! ಮುಂದಿನ ತಿಂಗಳು ಅದೇ ಆಸ್ಪತ್ರೆಯಲ್ಲಿ ಮತ್ತೊಬ್ಬ ರೋಗಿಗೆ ಹಾಗೆಯೇ ಆಯಿತು. ಆಸ್ಪತ್ರೆಯ ಭೌತವಿಜ್ಞಾನಿಯೂ ಆಕೆಯೂ ಒಟ್ಟಿಗೆ ಕುಳಿತು, ಅದೇ ಕೀಲಿಗಳನ್ನು ಅದೇ ವೇಗದಲ್ಲಿ ಮತ್ತೆ ಮತ್ತೆ ಒತ್ತಿ, ಕೊನೆಗೂ ದೋಷವನ್ನು ಬೇಕೆಂದಾಗ ಮರಳಿ ಬರಿಸಿದರು. ಡೈಕ್‌ಸ್ಟ್ರಾ ಯುವಕರಾಗಿದ್ದಾಗ ಹೆದರಿದ್ದು ಇಂತಹ ದೋಷಕ್ಕೇ.

ಇನ್ನೊಂದು ಪ್ರಸಂಗ ಭೂಮಿಯ ಮೇಲಿನದಲ್ಲ. 1997ರ ಜುಲೈ 4ರಂದು ನಾಸಾದ ಪಾತ್‌ಫೈಂಡರ್ ನೌಕೆ ಮಂಗಳ ಗ್ರಹದ ಮೇಲೆ ಇಳಿಯಿತು. ಕೆಲವೇ ದಿನಗಳಲ್ಲಿ ಅದರ ಗಣಕ ತನ್ನಷ್ಟಕ್ಕೆ ನಿಂತು ಮರಳಿ ಆರಂಭವಾಗತೊಡಗಿತು. ಪ್ರತಿ ಸಲವೂ ಆ ದಿನ ಉಳಿದಿದ್ದ ಕೆಲಸ ಮರುದಿನಕ್ಕೆ ಹೋಗುತ್ತಿತ್ತು. ಇಲ್ಲಿ ಬೀಗ ಇತ್ತು. ತೊಂದರೆ ಬೀಗದಿಂದಲೇ. ಹವಾಮಾನದ ಮಾಹಿತಿ ಸಂಗ್ರಹಿಸುವ ಕೆಳದರ್ಜೆಯ ಕೆಲಸವೊಂದು ಬೀಗ ಹಿಡಿದಿರುತ್ತಿತ್ತು. ಅತಿ ಮುಖ್ಯವಾದ ಮಾಹಿತಿ ಸಾಗಣೆಯ ಕೆಲಸ ಅದೇ ಬೀಗಕ್ಕಾಗಿ ಕಾಯುತ್ತಿತ್ತು. ಅಷ್ಟರಲ್ಲಿ ನಡುದರ್ಜೆಯ ಸಂಪರ್ಕದ ಕೆಲಸ ಬಂದು, ಕೆಳದರ್ಜೆಯದನ್ನು ಪಕ್ಕಕ್ಕೆ ಸರಿಸಿ, ತನ್ನದನ್ನು ನಡೆಸುತ್ತಿತ್ತು. ಕೆಳಗಿನವನು ಓಡದೆ ಬೀಗ ಬಿಡಲಾರ. ಬೀಗ ಸಿಗದೆ ಮೇಲಿನವನು ಓಡಲಾರ. ಮುಖ್ಯ ಕೆಲಸ ಹೊತ್ತಿಗೆ ಮುಗಿಯದ್ದನ್ನು ಕಂಡ ಕಾವಲು ವ್ಯವಸ್ಥೆ ಗಣಕವನ್ನೇ ಮರು ಆರಂಭಿಸುತ್ತಿತ್ತು. ಈ ತೊಂದರೆಗೆ ಆದ್ಯತೆಯ ತಿರುವುಮುರುವು ಎನ್ನಬಹುದು.

ಇದರ ಪರಿಹಾರ ಮೊದಲೇ ಪುಸ್ತಕದಲ್ಲಿತ್ತು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಬಳಗದ ಲೂಯಿ ಶಾ, ರಘುನಾಥನ್ ರಾಜ್‌ಕುಮಾರ್ ಮತ್ತು ಜಾನ್ ಲೆಹಾಕ್ಜ್ಕಿ 1990ರಲ್ಲಿ ಅದನ್ನು ವಿವರವಾಗಿ ಬರೆದಿದ್ದರು: ಬೀಗ ಹಿಡಿದಿರುವಷ್ಟು ಹೊತ್ತು ಕೆಳಗಿನವನಿಗೆ, ಕಾಯುತ್ತಿರುವ ಮೇಲಿನವನ ದರ್ಜೆಯನ್ನೇ ಸಾಲವಾಗಿ ಕೊಡಿ. ನೌಕೆಯ ಆಪರೇಟಿಂಗ್ ಸಿಸ್ಟಂನಲ್ಲಿ ಆ ಸೌಲಭ್ಯ ಇತ್ತು, ಆದರೆ ಆ ಒಂದು ಬೀಗದ ಮಟ್ಟಿಗೆ ಅದನ್ನು ಚಾಲೂ ಮಾಡಿರಲಿಲ್ಲ. ಇಂಜಿನಿಯರುಗಳು ಭೂಮಿಯ ಮೇಲಿದ್ದ ಅವಳಿ ಗಣಕದಲ್ಲಿ ತೊಂದರೆಯನ್ನು ಮರುಕಳಿಸುವಂತೆ ಮಾಡಿ, ಕಾರಣ ಹಿಡಿದು, ಸಣ್ಣ ತಿದ್ದುಪಡಿಯೊಂದನ್ನು ಮಂಗಳಕ್ಕೆ ಕಳುಹಿಸಿದರು. ಅಲ್ಲಿಗೆ ಗಣಕ ನಿಲ್ಲುವುದು ನಿಂತಿತು. ಉಡಾವಣೆಗೆ ಮೊದಲೂ ಈ ದೋಷ ಕಾಣಿಸಿಕೊಂಡಿತ್ತು, ಹುಡುಕಲು ಹೋದಾಗ ಮರುಕಳಿಸಲಿಲ್ಲ ಎಂದು ಆ ತಂಡದವರೇ ನಂತರ ಹೇಳಿದರು. ಈ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು.

ಡೈಕ್‌ಸ್ಟ್ರಾ 2002ರ ಆಗಸ್ಟ್ 6ರಂದು ತೀರಿಕೊಂಡರು. ಒಂದು ಕೊಠಡಿಯನ್ನು ತುಂಬುತ್ತಿದ್ದ ಗಣಕಕ್ಕಾಗಿ ಅವರು ಯೋಚಿಸಿದ್ದು ಇಂದು ನಿಮ್ಮ ಜೇಬಿನಲ್ಲಿದೆ. ಮೊಬೈಲಿನಲ್ಲಿ ಈಗ ಒಂದಲ್ಲ, ಹಲವು ಪ್ರೊಸೆಸರ್‌ಗಳು ನಿಜವಾಗಿಯೂ ಒಟ್ಟಿಗೆ ಓಡುತ್ತವೆ. ಪಿ ಎಂಬುದಕ್ಕೆ ಪೋಸಿಕ್ಸ್ ಮಾನದಂಡದಲ್ಲಿ ಸೆಮ್‌-ವೇಟ್, ಜಾವಾ ಭಾಷೆಯಲ್ಲಿ ಅಕ್ವೈರ್ ಎಂಬ ಹೆಸರು. ವಿ ಎಂಬುದಕ್ಕೆ ಸೆಮ್‌-ಪೋಸ್ಟ್, ರಿಲೀಸ್. ಹೆಸರು ಯಾವುದಾದರೇನು, ಕೆಲಸ ಅದೇ.

ವಿದ್ಯಾರ್ಥಿ ಮಿತ್ರರೇ, ಇದನ್ನು ಓದಿ ನಂಬಬೇಡಿ, ಮಾಡಿ ನೋಡಿ. ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಸಿ ಭಾಷೆಯಲ್ಲೋ ಜಾವಾದಲ್ಲೋ ಒಂದು ಪುಟ್ಟ ಪ್ರೋಗ್ರಾಂ ಬರೆಯಿರಿ. ಸೊನ್ನೆಯಿಂದ ಆರಂಭವಾಗುವ ಒಂದೇ ಸಂಖ್ಯೆ. ಅದಕ್ಕೆ ಹತ್ತು ಲಕ್ಷ ಸಲ ಒಂದೊಂದನ್ನು ಸೇರಿಸುವ ಎರಡು ಥ್ರೆಡ್‌ಗಳು. ಎರಡೂ ಮುಗಿದ ಮೇಲೆ ಸಂಖ್ಯೆಯನ್ನು ಪರದೆಯ ಮೇಲೆ ತೋರಿಸಿ. ಇಪ್ಪತ್ತು ಲಕ್ಷ ಬರಬೇಕು. ಬಹಳ ಮಟ್ಟಿಗೆ ಬರುವುದಿಲ್ಲ. ಮತ್ತೆ ಓಡಿಸಿ, ಬೇರೊಂದು ಸಂಖ್ಯೆ ಬರಬಹುದು. ಬಂದದ್ದನ್ನೆಲ್ಲ ಒಂದು ಕಾಗದದಲ್ಲಿ ಗುರುತು ಹಾಕಿಕೊಳ್ಳಿ. ನಂತರ ಒಂದರಿಂದ ಆರಂಭವಾಗುವ ಸೆಮಾಫೋರ್ ಇಟ್ಟು, ಸೇರಿಸುವ ಸಾಲಿನ ಮೊದಲು ಪಿ, ಆಮೇಲೆ ವಿ ಬರೆದು ಓಡಿಸಿ. ಈ ಸಲ ಸ್ವಲ್ಪ ಹೆಚ್ಚು ಹೊತ್ತು ಕಾಯಬೇಕಾಗುತ್ತದೆ.